ಮದ್ದು ಬಿಡುವ ಕೈ ಬೇರೆ, ತೊಳೆಯುವ ಕೈ ಬೇರೆ

ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದರೆ ಸಾಕು, ನಮ್ಮ ದಕ್ಷಿಣ ಕನ್ನಡದ ಅಂಗಳಗಳಲ್ಲಿ ಪ್ರೆಶರ್ ಮೆಷೀನಿನ ಸದ್ದು ಶುರುವಾಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆ ಇದು. ಇಂಟರ್‌ಲಾಕ್ ಹಾಸಿದ ಅಂಗಳ ಜಾರುತ್ತದೆ, ಕಾಂಪೌಂಡ್ ಗೋಡೆ ಕಪ್ಪುಗಟ್ಟಿರುತ್ತದೆ, ಮಾಡಿನ ಹಂಚಿನ ಮೇಲೆ ಹಾವಸೆ ಹಾಸಿಗೆಯ ಹಾಗೆ ಕೂತಿರುತ್ತದೆ. ದೀಪಾವಳಿಯೊಳಗೆ ಎಲ್ಲವೂ ಚೊಕ್ಕವಾಗಬೇಕು. ಮೆಷೀನಿನವರು ಬರುತ್ತಾರೆ. ನೀಲಿ ಡ್ರಮ್ಮಿಗೆ ನೀರು ತುಂಬಿಸಿ, ಕ್ಯಾನಿನಿಂದ ಆಸಿಡನ್ನೋ ಬ್ಲೀಚಿಂಗ್ ದ್ರಾವಣವನ್ನೋ ಅಂದಾಜಿನ ಮೇಲೆ ಸುರಿಯುತ್ತಾರೆ. ಮೆಷೀನು ನೀರೆಳೆಯುವ ಪೈಪನ್ನು ಅದೇ ಡ್ರಮ್ಮಿಗೆ ಇಳಿಬಿಟ್ಟು ಗನ್ ಹಿಡಿಯುತ್ತಾರೆ. ಮದ್ದು ಹಾಕುವುದೂ ತೊಳೆಯುವುದೂ ಒಂದೇ ಏಟಿಗೆ ಮುಗಿಯುತ್ತದೆ. ಮನೆಯವರು ಪಕ್ಕದಲ್ಲಿ ನಿಂತು, ಕೆಲಸ ಬೇಗ ಸಾಗುತ್ತಿದೆ ಎಂದು ಸಮಾಧಾನಪಡುತ್ತಾರೆ.

ಇದೇ ಸರಿಯಾದ ಕ್ರಮ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಮೆಷೀನು ಮಾರುವವರು, ಬಾಡಿಗೆಗೆ ಕೊಡುವವರು, ಕೆಲಸ ಹಿಡಿಯುವವರು, ಮಾಡಿಸುವವರು ಎಲ್ಲರದೂ ಒಂದೇ ಮಾತು: ಒತ್ತಡ ಜೋರಿರಬೇಕು, ಮದ್ದು ಖಾರವಿರಬೇಕು, ಎರಡೂ ಒಟ್ಟಿಗೆ ಹೋಗಬೇಕು. ಈ ಮೂರು ಮಾತೂ ತಪ್ಪು. ಮೂರನೆಯದಂತೂ ಉಳಿದೆರಡು ತಪ್ಪುಗಳನ್ನು ಹೊತ್ತುಕೊಂಡು ಬರುವ ತಪ್ಪು.

ತಪ್ಪು ಯಾಕೆಂದು ತಿಳಿಯಲು ದೊಡ್ಡ ರಸಾಯನಶಾಸ್ತ್ರ ಬೇಕಿಲ್ಲ. ನಮ್ಮ ಅಡಿಕೆ ತೋಟಕ್ಕೆ ಹೋದರೆ ಸಾಕು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಸೂಚಿಸಿದ ಮೇಲೆ, ನೂರು ವರ್ಷಕ್ಕೂ ಮಿಕ್ಕಿ ನಮ್ಮ ಹಿರಿಯರು ಅದನ್ನು ಬಿಡುತ್ತಾ ಬಂದಿದ್ದಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ಆಮೇಲೆ ಕೂಡಿಸಬೇಕು. ಕಬ್ಬಿಣದ ಚೂರಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು. ಹಿಡಿದು ನಿಲ್ಲಲೆಂದು ರಾಳದ ಅಂಟು ಸೇರಿಸುವವರೂ ಇದ್ದಾರೆ. ಮದ್ದು ಬಿಡುವಾಗ ಗೊನೆಯ ಪ್ರತಿ ಕಾಯಿಯ ಮೈಯೂ ನೆನೆಯಬೇಕು, ಆದರೆ ತೊಟ್ಟಿಕ್ಕಿ ಹರಿದುಹೋಗಬಾರದು. ಬಿಟ್ಟ ಮದ್ದು ಆರುವ ಮೊದಲೇ ಜಡಿಮಳೆ ಹೊಡೆದರೆ ಕೂಲಿಯೂ ಹೋಯಿತು, ಮದ್ದೂ ಹೋಯಿತು. ಹೊಳವು ನೋಡಿ ಮತ್ತೆ ಬಿಡಬೇಕು. ಮದ್ದಿಗೆ ಅಳತೆ ಬೇಕು, ಮೈಗೆ ತಾಗಬೇಕು, ತಾಗಿ ನಿಲ್ಲಲು ಹೊತ್ತು ಬೇಕು ಎಂಬುದು ತೋಟದಲ್ಲಿ ಎಲ್ಲರಿಗೂ ಗೊತ್ತು.

ಅದೇ ಯಜಮಾನರು ನವೆಂಬರಿನಲ್ಲಿ ತಮ್ಮ ಅಂಗಳದಲ್ಲಿ ಏನು ಮಾಡಿಸುತ್ತಾರೆ? ಮದ್ದನ್ನೂ ಮಳೆಯನ್ನೂ ಒಂದೇ ಕೊಳವೆಯಲ್ಲಿ ಬಿಡಿಸುತ್ತಾರೆ. ನೂರು ಬಾರ್ ಒತ್ತಡದ ನೀರಿನ ಜೊತೆ ಹೊರಟ ಮದ್ದು ಗೋಡೆಗೆ ತಾಗಿದ ಕ್ಷಣದಲ್ಲೇ ಅದೇ ನೀರು ಅದನ್ನು ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಹತ್ತು ನಿಮಿಷ ನಿಂತು ಕೆಲಸ ಮಾಡಬೇಕಾದ್ದು ಅರೆಗಳಿಗೆಯೂ ನಿಲ್ಲುವುದಿಲ್ಲ. ಅದು ಚರಂಡಿ ಸೇರುತ್ತದೆ, ತುಳಸಿಕಟ್ಟೆಯ ಬುಡ ಸೇರುತ್ತದೆ, ಬಾವಿಕಟ್ಟೆಯ ಸಂದಿಗೆ ಇಳಿಯುತ್ತದೆ. ಹಾವಸೆಯನ್ನು ಮಾತ್ರ ಸಾಯಿಸುವುದಿಲ್ಲ.

ನೂರು ಬಾರ್ ಎಂದರೆ ಎಷ್ಟು ಎಂಬ ಅಂದಾಜು ಬಹಳ ಮಂದಿಗೆ ಇಲ್ಲ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸಿಗುವುದು ಹೆಚ್ಚುಕಮ್ಮಿ 1 ಬಾರ್. ಮಾಡಿನ ಮೇಲಿನ ಟ್ಯಾಂಕಿನಿಂದ ನಮ್ಮ ನಲ್ಲಿಗೆ ಅಷ್ಟೂ ಇರುವುದಿಲ್ಲ. ಮನೆಬಳಕೆಯ ಸಣ್ಣ ಮೆಷೀನು ಸಹ ಅದರ ನೂರು ಪಟ್ಟು ಒತ್ತಡ ಕೊಡುತ್ತದೆ. ಹತ್ತಿರದಿಂದ ಹಿಡಿದರೆ ಈ ನೀರು ಕೈಯ ಚರ್ಮ ಸೀಳಿ ಒಳಗೆ ಹೊಕ್ಕೀತು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತಿದ್ದರೂ ಒಳಗೆ ಆದ ಗಾಯಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಅಂಥ ನೀರಿಗೆ ಆಸಿಡ್ ಬೆರೆಸಿ ಹದಿನೆಂಟು-ಇಪ್ಪತ್ತರ ಹುಡುಗನ ಕೈಗೆ ಕೊಡುತ್ತೇವೆ. ಅವನ ಕಾಲಲ್ಲಿ ಹವಾಯಿ ಚಪ್ಪಲಿ, ಮೂಗಿಗೆ ಒಂದು ಬೈರಾಸು. ಗೋಡೆಗೆ ಬಡಿದ ನೀರು ಮಂಜಿನಂತೆ ಎದ್ದು ಅವನ ಕಣ್ಣಿಗೆ, ಶ್ವಾಸಕ್ಕೆ ಹೋಗುತ್ತದೆ. ಒದ್ದೆ ಬೈರಾಸು ಆಸಿಡಿನ ಹಬೆಯನ್ನು ತಡೆಯುವುದಿಲ್ಲ, ಹಿಡಿದಿಟ್ಟುಕೊಂಡು ಮೂಗಿಗೇ ಒತ್ತುತ್ತದೆ. ಈ ಒಂದು ಕಾರಣಕ್ಕಾದರೂ ಡ್ರಮ್ಮಿಗೆ ಮದ್ದು ಸುರಿಯುವ ಪದ್ಧತಿ ನಿಲ್ಲಬೇಕು. ಬೇರೆ ಕಾರಣಗಳೂ ಇವೆ.

ತೊಳೆಯುವ ಕೆಲಸದಲ್ಲಿ ನಾಲ್ಕು ಶಕ್ತಿಗಳಿವೆ ಎಂದು ಜರ್ಮನಿಯ ಹೆಂಕೆಲ್ ಕಂಪನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಲೆಕ್ಕ ಹಾಕಿ ಹೇಳಿದ: ಮದ್ದು, ಉಜ್ಜುವ ಬಲ, ಬಿಸಿ, ಹೊತ್ತು. ಒಂದನ್ನು ಕಮ್ಮಿ ಮಾಡಿದರೆ ಇನ್ನೊಂದನ್ನು ಹೆಚ್ಚು ಮಾಡಲೇಬೇಕು. ನಮ್ಮ ಅಜ್ಜಿಯಂದಿರು ಇದನ್ನು ಸೀಗೆ, ಬೂದಿ, ಹುಣಸೆಹುಳಿಗಳಲ್ಲಿ ಕಂಡುಕೊಂಡಿದ್ದರು. ಸೀದ ಪಾತ್ರೆಗೆ ನೀರು ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಗ್ಗೆ ಉಜ್ಜುವ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಮದ್ದನ್ನು ಒತ್ತಡದ ನೀರಲ್ಲೇ ಕಳಿಸುವವರು ಹೊತ್ತನ್ನು ಸೊನ್ನೆ ಮಾಡುತ್ತಾರೆ. ನೀರು ತಣ್ಣಗಿರುವುದರಿಂದ ಬಿಸಿಯೂ ಇಲ್ಲ. ಆಗ ಉಳಿದ ಎರಡನ್ನು, ಅಂದರೆ ಮದ್ದಿನ ಖಾರವನ್ನೂ ನೀರಿನ ಬಲವನ್ನೂ, ಏರಿಸದೆ ಬೇರೆ ದಾರಿಯೇ ಇಲ್ಲ. ಹಾಗಾಗಿಯೇ ವರ್ಷದಿಂದ ವರ್ಷಕ್ಕೆ ಕ್ಯಾನು ದೊಡ್ಡದಾಗುತ್ತದೆ, ನಾಝಲ್ ಕಿರಿದಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ: ಹಾಗಿದ್ದರೆ ಮೆಷೀನಿನಲ್ಲಿ ಸೋಪಿನ ಟ್ಯಾಂಕ್ ಯಾಕೆ ಕೊಟ್ಟಿದ್ದಾರೆ? ಈ ಟ್ಯಾಂಕಿನ ಮದ್ದು ಸಾಮಾನ್ಯವಾಗಿ ಪಂಪ್ ದಾಟಿದ ಮೇಲೆ ನೀರಿಗೆ ಸೇರುತ್ತದೆ. ಓಡುವ ನೀರು ಕಿರಿದಾದ ದಾರಿಯಲ್ಲಿ ನುಗ್ಗುವಾಗ ಅಲ್ಲಿ ಒತ್ತಡ ಕುಸಿದು, ಪಕ್ಕದ ಸಣ್ಣ ಕೊಳವೆಯಿಂದ ಮದ್ದನ್ನು ಎಳೆದುಕೊಳ್ಳುತ್ತದೆ. ಆದರೆ ಈ ಎಳೆತ ನಡೆಯುವುದು ಅಗಲ ಬಾಯಿಯ, ಕಡಿಮೆ ಒತ್ತಡದ ನಾಝಲ್ ಹಾಕಿದಾಗ ಮಾತ್ರ. ಬಣ್ಣದ ನಾಝಲ್‌ಗಳ ಸೆಟ್ಟಿನಲ್ಲಿ ಕಪ್ಪು ಬಣ್ಣದ್ದು ಇರುವುದೇ ಅದಕ್ಕೆ. ಕೆಂಪು, ಹಳದಿ, ಹಸಿರು, ಬಿಳಿ ಹಾಕಿದಿರೋ, ಎದುರೊತ್ತಡಕ್ಕೆ ಎಳೆತ ನಿಂತುಬಿಡುತ್ತದೆ. ಅಂದರೆ ಮೆಷೀನು ಮಾಡಿದವರೇ ಮದ್ದನ್ನು ಮೆತ್ತಗೆ ಬಿಡಿ, ಆಮೇಲೆ ಜೋರಾಗಿ ತೊಳೆಯಿರಿ ಎಂದು ಯಂತ್ರದ ಒಳಗೇ ಬರೆದಿಟ್ಟಿದ್ದಾರೆ. ನಾವು ಅದನ್ನು ಓದಲಿಲ್ಲ. ಟ್ಯಾಂಕಿನಿಂದ ಮದ್ದು ಹೋಗುತ್ತಿಲ್ಲ ಎಂದು ಬೈದು, ಡ್ರಮ್ಮಿನ ದಾರಿ ಹಿಡಿದೆವು. ಡ್ರಮ್ಮಿನ ಮದ್ದು ಪಂಪಿನ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತದೆ. ಸೀಲು, ವಾಲ್ವು, ಹಿತ್ತಾಳೆಯ ಭಾಗ ಎಲ್ಲವನ್ನೂ ತಿನ್ನುತ್ತದೆ. ಒಂದೆರಡು ಹಂಗಾಮಿಗೇ ಪಂಪು ಸೋರತೊಡಗಿದರೆ ಮೆಷೀನು ಖೊಟ್ಟಿ ಎನ್ನುವುದು ನ್ಯಾಯವಲ್ಲ.

ಇನ್ನು ಅಳತೆ. ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ಹೊಸತಿದ್ದಾಗ ಹತ್ತು-ಹನ್ನೆರಡು ಶೇಕಡಾ. ಬಿಸಿಲಲ್ಲಿ, ಸೆಕೆಯಲ್ಲಿ ಇಟ್ಟರೆ ತಾನಾಗಿ ಬಲ ಕಳೆದುಕೊಳ್ಳುತ್ತದೆ. ಮದ್ದನ್ನು ಹೀಗೆ ಎಳೆದುಕೊಳ್ಳುವ, ಪಂಪಿನ ಆಚೆ ಕೂರುವ ಇಂಜೆಕ್ಟರ್ ಸಾಮಾನ್ಯವಾಗಿ ಹತ್ತಕ್ಕೆ ಒಂದರಿಂದ ಇಪ್ಪತ್ತಕ್ಕೆ ಒಂದರ ಪ್ರಮಾಣದಲ್ಲಿ ಎಳೆಯುತ್ತದೆ. ಹತ್ತು ಶೇಕಡಾದ ದ್ರಾವಣವನ್ನು ನೀರು ಸೇರಿಸದೆ ಹಾಗೇ ಇಟ್ಟರೂ ಗೋಡೆಗೆ ತಲಪುವುದು ಅರ್ಧದಿಂದ ಒಂದು ಶೇಕಡಾ. ಎಳೆಯ ಹಸಿರು ಪಾಚಿಗೆ ಅದು ಸಾಕಾದೀತು. ಹಂಚಿನ ಮೇಲೆ ವರ್ಷಾನುಗಟ್ಟಲೆ ಹಬ್ಬಿದ ಕಲ್ಲುಹೂವಿಗೆ ಏನೂ ಸಾಲದು. ಅದೇ ಕೈಪಂಪಿನ ಸ್ಪ್ರೇಯರಿಗೆ ಒಂದು ಲೀಟರ್ ಮದ್ದಿಗೆ ಒಂಬತ್ತು ಲೀಟರ್ ನೀರು ಹಾಕಿದರೆ ಒಂದು ಶೇಕಡಾ, ಮೂರಕ್ಕೆ ಏಳು ಹಾಕಿದರೆ ಮೂರು ಶೇಕಡಾ. ಎಲ್ಲಿಗೆ ಎಷ್ಟು ಬೇಕೋ ಅಷ್ಟೇ, ಒಂದು ಹನಿ ಆಚೀಚೆ ಇಲ್ಲ. ಕೋವಿಡ್ ಕಾಲದಲ್ಲಿ ಪಂಚಾಯತಿನವರು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಒಂದು ಶೇಕಡಾ ಹೈಪೋಕ್ಲೋರೈಟ್ ಸಿಂಪಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಉಪಕರಣವೂ ಊರಲ್ಲಿದೆ, ಕೈಯೂ ಊರಲ್ಲಿದೆ.

ಈಗ ಆಸಿಡಿನ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ನೋವು ಕೊಟ್ಟ ವಿಷಯ ಇದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಅಂಗಳ ಮತ್ತು ಗೋಡೆ ತೊಳೆಸಲು ಒಬ್ಬರಿಗೆ ಹೇಳಿದ್ದೆ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಡ್ರಮ್ಮಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದಾಗಿತ್ತು. ಗೋಡೆಯಿಂದ ನೊರೆ ಬುಸುಗುಟ್ಟಿ ಇಳಿಯುತ್ತಿತ್ತು. ನೋಡಿ, ಕೊಳೆ ಹೇಗೆ ಉಕ್ಕಿ ಬರುತ್ತಿದೆ ಎಂದು ಅವರು ತೋರಿಸಿದರು. ಸಂಜೆಗೆ ಗೋಡೆ ಬೆಳ್ಳಗೆ ಕಂಡದ್ದೂ ನಿಜ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಗಾರೆಯ ಮೇಲ್ಮೈ ಮರಳು ಮರಳಾಗಿ ಕೈಗೆ ಬರತೊಡಗಿತು, ಗೇಟಿನ ಕೆಳಗಿನ ಸರಳುಗಳಿಗೆ ತುಕ್ಕು ಹಿಡಿಯಿತು, ಗೋಡೆಗೆ ಹಬ್ಬಿಸಿದ್ದ ವೀಳ್ಯದ ಬಳ್ಳಿ ಬುಡದಿಂದ ಒಣಗಿತು. ಅಮ್ಮ ನೆಟ್ಟ ಬಳ್ಳಿ ಅದು. ಹಾವಸೆ ಮಾತ್ರ ಮೊದಲಿಗಿಂತ ಬೇಗ, ಮೊದಲಿಗಿಂತ ದಟ್ಟವಾಗಿ ಬಂತು.

ಆ ನೊರೆ ಕೊಳೆಯದಾಗಿರಲಿಲ್ಲ. ಸಿಮೆಂಟಿನಲ್ಲೂ ಸುಣ್ಣದಲ್ಲೂ ಇರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಸಿಡಿಗೆ ಸಿಕ್ಕರೆ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ಬುಸುಗುಟ್ಟಿದ್ದು ಗೋಡೆಯೇ. ಕರಗಿ ತರಕಲಾದ ಮೇಲ್ಮೈಯಲ್ಲಿ ನೀರು ನಿಲ್ಲುತ್ತದೆ, ಧೂಳು ಕೂರುತ್ತದೆ, ಬೀಜಕಣಕ್ಕೆ ಮೊದಲಿಗಿಂತ ಒಳ್ಳೆಯ ಮನೆ ಸಿಗುತ್ತದೆ. ಉಳಿದ ಕ್ಲೋರೈಡ್ ಒಳಗೆ ಇಳಿದು ಕಬ್ಬಿಣವನ್ನು ತಿನ್ನುತ್ತದೆ. ಆಸಿಡಿಗೂ ಒಂದು ಕೆಲಸವಿದೆ: ಟೈಲ್ಸ್ ಮೇಲೆ ಬಿದ್ದ ಸಿಮೆಂಟಿನ ಕಲೆ ತೆಗೆಯುವುದು. ಅದೂ ಮೊದಲು ನೀರು ಕುಡಿಸಿ, ತೆಳುವಾಗಿ, ಬ್ರಷ್ಷಿನಿಂದ, ಕಲೆಯಷ್ಟಕ್ಕೇ ಹಚ್ಚಿ, ತಕ್ಷಣ ತೊಳೆಯುವ ಕೆಲಸ. ಪಾಚಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೂ ಘೋರವಾದದ್ದು, ಬೆಳಗ್ಗೆ ಬ್ಲೀಚ್ ಹಾಕಿ ಸಾಲದೆಂದು ಮಧ್ಯಾಹ್ನ ಅದೇ ಡ್ರಮ್ಮಿಗೆ ಆಸಿಡ್ ಸುರಿಯುವುದು. ಎರಡೂ ಕೂಡಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಮೊದಲ ಮಹಾಯುದ್ಧದ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ.

ಡ್ರಮ್ಮಿನವರಿಗೆ ಎದುರಾಗಿ ಇನ್ನೊಂದು ವಾದವಿದೆ. ಕೇಳಲು ಚೆನ್ನಾಗಿದೆ: ಮದ್ದೇ ಬೇಡ, ಬರೀ ನೀರಿನ ಒತ್ತಡ ಸಾಕು, ಅದೇ ಪರಿಸರಕ್ಕೆ ಒಳ್ಳೆಯದು. ಇದನ್ನು ಹೇಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ನಮ್ಮ ಗೋಡೆಗಳ ಮೇಲಿನ ಕಿತ್ತಳೆ-ಕೆಂಪು ಬಣ್ಣದ ಮಕಮಲ್ಲಿನಂಥ ಕಲೆಯನ್ನು ಬಹಳ ಮಂದಿ ಮಣ್ಣಿನ ಕಲೆ ಎಂದುಕೊಳ್ಳುತ್ತಾರೆ. ಅದು ಟ್ರೆಂಟೆಪೋಲಿಯಾ ಎಂಬ ಪಾಚಿ. ಕುಲದಲ್ಲಿ ಹಸಿರುಪಾಚಿಯೇ, ಮೈಯಲ್ಲಿ ಕ್ಯಾರೊಟಿನ್ ತುಂಬಿಕೊಂಡು ಕೆಂಪಾಗಿ ಕಾಣುತ್ತದೆ. ಕಪ್ಪು ಕಲೆಗಳಲ್ಲಿ ಬಹುಪಾಲು ಸಯನೋಬ್ಯಾಕ್ಟೀರಿಯಾ. ಕಲ್ಲುಹೂವಿನಲ್ಲಿ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುತ್ತವೆ, ಶಿಲೀಂಧ್ರದ ಎಳೆಗಳು ಕಲ್ಲಿನ ರಂಧ್ರಗಳೊಳಗೆ ಇಳಿದಿರುತ್ತವೆ. ಇವೆಲ್ಲ ಜೀವ ಇರುವಂಥವು. ನೀರಿನ ಏಟು ಮೇಲಿನದನ್ನು ಹಾರಿಸುತ್ತದೆ, ಒಳಗಿನದನ್ನು ಬಿಡುತ್ತದೆ. ಒಳಗಿನದನ್ನೂ ಕೀಳುತ್ತೇನೆಂದು ಹೊರಟರೆ ಕಲ್ಲಿನ ಮೈಯೇ ಕಿತ್ತುಬರುತ್ತದೆ. ಕೆಂಪುಕಲ್ಲು ನೆಲದಿಂದ ಕಡಿದಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವಂಥದ್ದು; ಗಟ್ಟಿಯಾದ ಆ ಹೊರಮೈಯನ್ನು ನಾಝಲಿನಿಂದ ಕೆತ್ತಿದರೆ ಒಳಗಿನ ಮೆದುವು ಮಳೆಗೆ ಒಡ್ಡಿಕೊಳ್ಳುತ್ತದೆ. ಇಂಟರ್‌ಲಾಕಿನ ಸಂದಿಯ ಮರಳು ಹಾರಿಹೋದರೆ ಕಲ್ಲುಗಳು ಅಲುಗಾಡುತ್ತವೆ.

ಹಂಚಿನ ಕತೆ ಇನ್ನೂ ಬೇರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕೆಲಸದಿಂದ ಇವತ್ತಿನವರೆಗೂ, ಹಂಚು ಹಂಚಿನ ಮೇಲೆ ಕೂರುವ ಕ್ರಮ ಮೇಲಿನಿಂದ ಕೆಳಗೆ ಹರಿಯುವ ಮಳೆಯನ್ನು ನಂಬಿ ಮಾಡಿದ್ದು. ಏಣಿಯ ಮೇಲೆ ನಿಂತು ಕೆಳಗಿನಿಂದ ಮೇಲಕ್ಕೆ ಗನ್ ಹಿಡಿದರೆ ನೀರು ಸಂದಿಯೊಳಗೆ ಹೊಕ್ಕು ರೀಪು ಪಕಾಸುಗಳನ್ನು ನೆನೆಸುತ್ತದೆ. ಅಮೆರಿಕದ ಆಸ್ಫಾಲ್ಟ್ ಮಾಡುಗಳ ತಯಾರಕರ ಸಂಘ ತಮ್ಮ ಮಾಡುಗಳಿಗೆ ಪ್ರೆಶರ್ ವಾಶರ್ ತಾಗಿಸಬೇಡಿ ಎಂದೇ ಹೇಳುತ್ತದೆ: ಮನೆಬಳಕೆಯ ಬ್ಲೀಚಿಗೆ ಸಮಪಾಲು ನೀರು ಬೆರೆಸಿ ಸಿಂಪಡಿಸಿ, ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು, ಮೆತ್ತಗಿನ ನೀರಲ್ಲಿ ತೊಳೆಯಿರಿ ಎಂಬುದು ಅವರ ಸಲಹೆ. ನಮ್ಮ ಹಂಚಿಗೆ ಅದಕ್ಕಿಂತ ಕಮ್ಮಿ ಜಾಗ್ರತೆ ಸಾಕೆಂದು ಯಾವ ಆಧಾರದ ಮೇಲೆ ತೀರ್ಮಾನಿಸಿದೆವು?

2005ರಲ್ಲಿ ಪ್ರೆಶರ್ ಮೆಷೀನು ಮಾಡುವ ಕಾರ್ಷರ್ ಕಂಪನಿಯವರು ಅಮೆರಿಕದ ಮೌಂಟ್ ರಶ್‌ಮೋರಿನ ಶಿಲಾಮುಖಗಳನ್ನು ಮದ್ದಿಲ್ಲದೆ ನೀರಿನಲ್ಲೇ ತೊಳೆದರಲ್ಲ ಎಂದು ಯಾರಾದರೂ ಕೇಳಿಯಾರು. ತೊಳೆದರು, ಹೌದು. ಆದರೆ ಬಿಸಿನೀರಿನಲ್ಲಿ, ಗ್ರಾನೈಟಿನ ಮೇಲೆ. ಮದ್ದಿನ ಜಾಗಕ್ಕೆ ಅವರು ಬಿಸಿಯನ್ನು ತಂದರು. ಸಿನ್ನರ್ ಹೇಳಿದ ನಾಲ್ಕರಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರು. ನಮ್ಮ ಬಾಡಿಗೆ ಮೆಷೀನಿನಲ್ಲಿ ಇರುವುದು ತಣ್ಣೀರು. ನಮ್ಮಲ್ಲೇ ಕಣ್ಣು ಹಾಯಿಸಿದರೆ, ತಾಜಮಹಲಿನ ಹಳದಿಗಟ್ಟಿದ ಅಮೃತಶಿಲೆಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಮುಲ್ತಾನಿ ಮಿಟ್ಟಿಯ ಲೇಪ ಹಚ್ಚುತ್ತಾರೆ. ಅದು ಒಣಗುವವರೆಗೆ ಕಾದು, ಆಮೇಲೆ ಮೆತ್ತಗೆ ತೊಳೆಯುತ್ತಾರೆ. ಬೆಲೆಬಾಳುವ ಕಲ್ಲಿನ ಮುಂದೆ ನಿಂತಾಗ ಎಲ್ಲರೂ ಹೊತ್ತನ್ನೇ ನಂಬುತ್ತಾರೆ. ಬೇಲೂರು-ಹಳೇಬೀಡಿನಂಥ ಬಳಪದ ಕಲ್ಲಿನ ಕೆತ್ತನೆ ಇರುವ ಊರ ದೇವಸ್ಥಾನಗಳ ಆಡಳಿತದವರು ಜಾತ್ರೆಗೆ ಮುಂಚೆ ಪ್ರೆಶರ್ ಮೆಷೀನು ತರಿಸುವ ಯೋಚನೆ ಮಾಡಿದ್ದರೆ, ದಯವಿಟ್ಟು ಕೈಬಿಡಿ. ಬಹಳ ಮೆದು ಕಲ್ಲು ಅದು.

ನನ್ನ ಮಾತಿಗೆ ಬರುವ ನಿಜವಾದ ಆಕ್ಷೇಪ ಕೂಲಿಯದ್ದು. ಮೊದಲು ಸಿಂಪಡಿಸಿ, ಕಾದು, ಆಮೇಲೆ ತೊಳೆಯುವುದೆಂದರೆ ಎರಡು ಸುತ್ತಿನ ಕೆಲಸ; ಜನ ಸಿಗದ ಈ ಕಾಲದಲ್ಲಿ ಯಾರಿಗೆ ಪುರುಸೊತ್ತು? ಈ ಆಕ್ಷೇಪ ಹಗುರವಲ್ಲ. ಆದರೆ ಸತ್ತ ಹಾವಸೆ ಬಿಡಿಸಿಕೊಳ್ಳಲು ಅಗಲ ನಾಝಲಿನ ಒಂದು ಓಟ ಸಾಕು. ಜೀವಂತ ಹಾವಸೆಗೆ ಕಿರಿದು ನಾಝಲಿನಲ್ಲಿ ಗೀಟು ಗೀಟಾಗಿ ನಾಲ್ಕು ಸಲ ಎಳೆಯಬೇಕು. ಎರಡು ಸುತ್ತು ಎಂದು ಹೆದರುವವರು ನಾಲ್ಕು ಸುತ್ತು ಮಾಡುತ್ತಿದ್ದಾರೆ, ನಿಮಿಷಕ್ಕೆ ಏಳೆಂಟು ಲೀಟರಿನಂತೆ ನೀರನ್ನೂ ಚೆಲ್ಲುತ್ತಿದ್ದಾರೆ. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಬರುತ್ತಿದ್ದಾರೆ.

ಇಂಜೆಕ್ಟರಿಗೆ ಸಲ್ಲಬೇಕಾದ ಜಾಗವನ್ನೂ ಹೇಳಬೇಕು. ಎಣ್ಣೆ, ಗ್ರೀಸು ಬಿದ್ದ ಗ್ಯಾರೇಜಿನ ವಿಶಾಲ ಕಾಂಕ್ರೀಟು ನೆಲಕ್ಕೆ ತೆಳು ಸೋಪು ಹರಡಲು ಅದು ಸರಿಯಾದ ಸಾಧನ. ವಾಟರ್ ಸರ್ವೀಸಿನ ಅಂಗಡಿಯಲ್ಲಿ ಕಾರಿಗೆ ನೊರೆ ಗನ್ ಒಳ್ಳೆಯದು: ನಿಂತ ಮೈಯಿಂದ ನೀರು ಜಾರುವಷ್ಟು ಬೇಗ ನೊರೆ ಜಾರುವುದಿಲ್ಲ, ಮದ್ದಿಗೆ ಹೊತ್ತು ಸಿಗುತ್ತದೆ. ಅಲ್ಲಿಯೂ ಗೆಲ್ಲುವುದು ಹೊತ್ತೇ. ಆದರೆ ಬ್ಲೀಚನ್ನು ಈ ಯಾವುದರಲ್ಲೂ ಹಾಕಬಾರದು. ಲೋಹವನ್ನು ತಿನ್ನುವ ಮದ್ದಿಗೆ ಪ್ಲಾಸ್ಟಿಕ್ಕಿನ ಸ್ಪ್ರೇಯರೇ ಬೇಕು. ತೋಟಕ್ಕೆ ಕಳೆನಾಶಕ, ಮೈಲುತುತ್ತು ಬಿಟ್ಟ ಸ್ಪ್ರೇಯರೂ ಬೇಡ, ಇದಕ್ಕೆಂದೇ ಒಂದನ್ನು ಇಟ್ಟುಕೊಳ್ಳಿ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಬಗ್ಗಿಸಿ. ಇಲ್ಲದಿದ್ದರೆ ಸ್ಪ್ರೇಯರಿನ ಬಾಯಿ ಕಟ್ಟುತ್ತದೆ. ಆಮ್ಲವಿಲ್ಲದ ಸಾದಾ ದ್ರವ ಸೋಪು ನಾಲ್ಕು ಹನಿ ಹಾಕಿದರೆ ಬೋರ್ಡೋದ ರಾಳದ ಹಾಗೆ ಹಿಡಿದು ನಿಲ್ಲುತ್ತದೆ.

ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹೊಯ್ದು, ಮೋಡವಿದ್ದಾಗಲೋ ಇಳಿಬಿಸಿಲಲ್ಲೋ ಗೋಡೆಯ ಕೆಳಗಿನಿಂದ ಮೇಲಕ್ಕೆ ಸಿಂಪಡಿಸಬೇಕು. ಮೇಲಿನಿಂದ ಶುರುಮಾಡಿದರೆ ಒಣಗೋಡೆಯ ಮೇಲೆ ಇಳಿದ ಗೀರುಗಳು ಕಲೆಯಾಗಿ ಉಳಿಯುತ್ತವೆ. ಹತ್ತು-ಹದಿನೈದು ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ಹಸಿರು ಬಿಳಿಚಿಕೊಂಡದ್ದು ಕಂಡ ಮೇಲೆ ಅಗಲಕ್ಕೆ ಹರಡುವ ಬಿಳಿ ನಾಝಲ್ ಹಾಕಿ ದೂರದಿಂದ, ಮೇಲಿನಿಂದ ಕೆಳಕ್ಕೆ ತೊಳೆದು, ಗಿಡಗಳಿಗೆ ಇನ್ನೊಮ್ಮೆ ನೀರು ಕೊಡಬೇಕು. ಸಿಂಪಡಿಸುವವರಿಗೆ ಕನ್ನಡಕ, ಕೈಗವಸು, ಗಂಬೂಟು ಕೊಡುವುದು ಮನೆಯವರ ಕರ್ತವ್ಯ. ಹಂಚಿನ ಕಲ್ಲುಹೂವು ಸತ್ತ ದಿನವೇ ಉದುರಬೇಕೆಂಬ ಹಟ ಬೇಡ. ಮುಂದಿನ ಮಳೆ ಅದನ್ನು ತಾನಾಗಿ ಇಳಿಸುತ್ತದೆ.

ಈ ಸಲ ಮೆಷೀನಿನವರು ಬಂದು ಗೇಟು ತಟ್ಟಿದಾಗ ಎಷ್ಟು ಬಾರ್, ಚದರಡಿಗೆ ಎಷ್ಟು ಎಂದು ಕೇಳುವ ಮೊದಲು, ಮದ್ದನ್ನು ಯಾವುದರಲ್ಲಿ ಬಿಡುತ್ತೀರಿ ಎಂದು ಕೇಳಿ. ಡ್ರಮ್ಮಿಗೆ ಸುರಿಯುತ್ತೇವೆ ಎಂದರೆ, ಚಹಾ ಕೊಟ್ಟು, ವಿಷಯ ತಿಳಿಸಿ, ನಿಮ್ಮ ಸ್ಪ್ರೇಯರನ್ನು ಅವರ ಕೈಗೆ ಕೊಡಿ. ಒಪ್ಪದಿದ್ದರೆ ಆ ವರ್ಷ ಅಂಗಳ ಹಾಗೇ ಇರಲಿ.